ರಿಜಿಸ್ಟರ್ ಪೋಸ್ಟ್ ಇಲ್ಲದ ಮೊದಲ ತಿಂಗಳುಗಳು

2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ ಕೊನೆಯ ತಂತಿ ಕಳಿಸಲು ಜನ ಸಾಲುಗಟ್ಟಿದ್ದರು. 2025ರ ಸೆಪ್ಟೆಂಬರ್ 1ರಂದು ರಿಜಿಸ್ಟರ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು. ಜನಸಾಮಾನ್ಯರ ಬದುಕನ್ನು ಹೆಚ್ಚು ತಟ್ಟುವುದು ಈ ಎರಡನೆಯದೇ.

ತಂತಿಯ ಕೆಲಸ ಸುದ್ದಿಯನ್ನು ಬೇಗ ಮುಟ್ಟಿಸುವುದು. ಮೊಬೈಲ್ ಅದನ್ನು ಪೂರ್ತಿ ವಹಿಸಿಕೊಂಡಿತು. ರಿಜಿಸ್ಟರ್ ಪೋಸ್ಟ್‌ನ ಕೆಲಸ ಮುಟ್ಟಿತೆಂದು ತೋರಿಸುವುದು. ಸ್ಪೀಡ್ ಪೋಸ್ಟ್ ವಿಳಾಸ ನೋಡಿ ಕೊಟ್ಟರೆ, ರಿಜಿಸ್ಟರ್ ಲಕೋಟೆ ಹೆಸರಿದ್ದವರ ಕೈಗೇ ಹೋಗಬೇಕಿತ್ತು. ಅವರ ಸಹಿ ಹೊತ್ತ ಎ.ಡಿ. ಕಾರ್ಡ್ ಕಳಿಸಿದವರಿಗೆ ಮರಳುತ್ತಿತ್ತು. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿದ ಪತ್ರ ತಲುಪಿಲ್ಲವೆಂದು ರುಜುವಾಗುವವರೆಗೆ ತಲುಪಿದೆಯೆಂದೇ ಎಣಿಸಬೇಕೆನ್ನುತ್ತದೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಸೆಕ್ಷನ್. ಬೌನ್ಸ್ ಆದ ಚೆಕ್ಕಿನ ನೋಟಿಸ್, ಮನೆ ಖಾಲಿ ಮಾಡಿಸುವ ನೋಟಿಸ್, ತವರಿನ ಆಸ್ತಿಯಲ್ಲಿ ಪಾಲು ಕೇಳಿ ಹೆಣ್ಣುಮಗಳು ಅಣ್ಣನಿಗೆ ಕಳಿಸುವ ನೋಟಿಸ್, ಎಲ್ಲಕ್ಕೂ ಇದೇ ಆಸರೆ.

ವಾಟ್ಸ್‌ಆ್ಯಪ್‌ನ ಎರಡು ನೀಲಿ ಗೆರೆ ಇದಕ್ಕೆ ಸಾಟಿಯೇ? ಸುಪ್ರೀಂ ಕೋರ್ಟ್‌ನ ನಡೆಯನ್ನೇ ನೋಡಿ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಇ-ಮೇಲ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಸಮನ್ಸ್ ಕಳಿಸಲು ಅದೇ ಅನುಮತಿ ಕೊಟ್ಟಿತು. 2025ರ ಜನವರಿಯಲ್ಲಿ, ವಿಚಾರಣೆಗೆ ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸ್ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಸಾಲದು ಎಂದಿತು. ಆ ನೋಟಿಸ್ ಕಡೆಗಣಿಸಿದವರು ಬಂಧನಕ್ಕೊಳಗಾಗಬಹುದು. ಒಬ್ಬರ ಸ್ವಾತಂತ್ರ್ಯವೇ ಪಣಕ್ಕಿರುವಾಗ ನ್ಯಾಯಾಲಯ ಹಳೆಯ ದಾರಿಯನ್ನೇ ನೆಚ್ಚಿತು. ನಮಗೆ ಇದು ಸರಿಯೆನಿಸುತ್ತದೆ. ಫೋನು ಮನೆಯಲ್ಲಿ ಒಬ್ಬರದು, ಅದನ್ನು ನೋಡುವವರು ನಾಲ್ವರು. ಕರೆನ್ಸಿ ಮುಗಿದರೆ ನಂಬರೇ ಬದಲಾಗಬಹುದು.

ಅಂಚೆ ಇಲಾಖೆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ ಎಂಬುದೂ ನಿಜ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ಗೆ ಐದು ರೂಪಾಯಿ ಮತ್ತು ತೆರಿಗೆ ಸೇರಿಸಿ ಕೊಟ್ಟರೆ ರಿಜಿಸ್ಟ್ರೇಷನ್ ಸಿಗುತ್ತದೆ. ಆದರೆ ಅದನ್ನು ಕೇಳಿ ಪಡೆಯಬೇಕು. ಹಳ್ಳಿಯಿಂದ ಬಂದವರಿಗೆ ಆ ಐದು ರೂಪಾಯಿಯ ವ್ಯತ್ಯಾಸ ಹೇಳುವವರಾರು? ಕೌಂಟರಿನಲ್ಲಿರುವವರೇ ಹೇಳಬೇಕು, ಪ್ರತಿ ಅಂಚೆ ಕಚೇರಿಯಲ್ಲೂ ಕನ್ನಡದ ಫಲಕ ಇರಬೇಕು. ಒಟಿಪಿ ತೋರಿಸಿ ಪತ್ರ ಪಡೆಯುವ ಹೊಸ ಸೌಲಭ್ಯ ಈಗಿನಂತೆ ಐಚ್ಛಿಕವಾಗಿಯೇ ಇರಲಿ. ಫೋನಿಲ್ಲದ ಅಜ್ಜಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿಗೆ ಇರುವ ಬೆಲೆ ಕುಗ್ಗಬಾರದು.