ಹೂವನ್ನು ಬರೆದವರ ಅಪರಾಧವೇನು?

ಬೆಟ್ಟ, ಮರ, ಹೂವುಗಳನ್ನು ಬರೆಯುವ ಚಿತ್ರಕಾರನು ಲೋಕದ ನೋವಿಗೆ ಬೆನ್ನು ತಿರುಗಿಸಿದವನೆಂದು ಹೇಳುವ ವಿಮರ್ಶಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಎಣಿಕೆಯಲ್ಲಿ ಕಲೆಗೆ ಬೆಲೆ ಬರುವುದು ವಸ್ತುವಿನಿಂದ; ಹೂವು ಹಗುರವಾದ ವಸ್ತು; ಆದುದರಿಂದ ಹೂವಿನ ಚಿತ್ರವೂ ಹಗುರವಾದುದು. ಕೇಳುವುದಕ್ಕೆ ಈ ವಾದವು ಸರಳವಾಗಿದೆ. ಆದರೆ ಅದನ್ನು ಒಂದು ದೇಶದ ಕಲಾಶಾಲೆಗಳಲ್ಲಿ ಕಟ್ಟಳೆಯಾಗಿ ವಿಧಿಸಿದಾಗ ಏನಾಯಿತೆಂಬುದನ್ನು ನೋಡಿದವರು ಅದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಚೀನಾ ದೇಶದ ತೈಲಚಿತ್ರಕಾರ ವೂ ಗ್ವಾನ್‌ಜೋಂಗ್ ಅವರ (1919–2010) ಬಾಳೇ ಇದಕ್ಕೆ ಸಾಕ್ಷಿ.

ಜಿಯಾಂಗ್ಸು ಪ್ರಾಂತದ ಯಿಶಿಂಗ್ ಎಂಬಲ್ಲಿ ಹುಟ್ಟಿದ ವೂ ಅವರು ಮೊದಲು ವಿದ್ಯುತ್ ಶಾಸ್ತ್ರದ ವಿದ್ಯಾರ್ಥಿಯಾಗಿದ್ದು, 1936ರಲ್ಲಿ ಅದನ್ನು ತೊರೆದು ಹಾಂಗ್‌ಝೌ ನಗರದ ಕಲಾಶಾಲೆಯನ್ನು ಸೇರಿದರು. ಪಾಶ್ಚಾತ್ಯ ಚಿತ್ರಕಲೆಯನ್ನೂ ಚೀನೀ ಪರಂಪರೆಯನ್ನೂ ಒಂದೇ ಮಾಡಿನ ಕೆಳಗೆ ಕಲಿಸಬೇಕೆಂಬ ಹಟವಿದ್ದ ಲಿನ್ ಫೆಂಗ್‌ಮಿಯನ್ ಅವರು ಆ ಶಾಲೆಯ ಮುಖ್ಯಸ್ಥರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಪ್ಯಾರಿಸ್ಸಿಗೆ ಹೋದ ವೂ ಅವರು 1950ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಅಲ್ಲಿಯೇ ಉಳಿದುಬಿಡುವ ಅವಕಾಶವಿತ್ತು, ಉಳಿಯಲಿಲ್ಲ. ತಮ್ಮ ಬೇರು ಇರುವುದು ಚೀನಾದ ಮಣ್ಣಿನಲ್ಲಿ ಎಂದು ನಂಬಿ ಬಂದವರನ್ನು ಆ ಮಣ್ಣು ಹೇಗೆ ಬರಮಾಡಿಕೊಂಡಿತು? ಬೀಜಿಂಗಿನ ಕೇಂದ್ರ ಲಲಿತಕಲಾ ವಿದ್ಯಾಲಯದಲ್ಲಿ ಅವರು ಕಲಿಸತೊಡಗಿದೊಡನೆ ‘ರೂಪವಾದಿ’ ಎಂಬ ಆರೋಪವು ಬೆನ್ನಟ್ಟಿತು. ಸೋವಿಯತ್ ಮಾದರಿಯಲ್ಲಿ ಕಾರ್ಮಿಕ, ರೈತ, ಸೈನಿಕರನ್ನು ಬರೆಯುವುದೇ ಆಗ ಚಿತ್ರಕಾರನ ಧರ್ಮ. 1953ರಲ್ಲಿ ಅವರು ಅಲ್ಲಿಂದ ಹೊರಬಿದ್ದು ತ್ಸಿಂಗ್ಹ್ವಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗಕ್ಕೆ ಹೋಗಬೇಕಾಯಿತು. ಮನುಷ್ಯರ ಮುಖದ ಮೇಲೆ ಬೇಡವೆನಿಸಿದ ನಗೆಯನ್ನು ಹಚ್ಚುವುದಕ್ಕಿಂತ ಬೆಟ್ಟವನ್ನೂ ಮರವನ್ನೂ ಬರೆಯುವುದು ಲೇಸೆಂದು ಅವರು ನಿಸರ್ಗದೃಶ್ಯದ ಕಡೆಗೆ ತಿರುಗಿದುದು ಈ ಕಾಲದಲ್ಲಿಯೇ.

ಇದನ್ನು ಪಲಾಯನವೆಂದು ಕರೆಯುವವರಿದ್ದಾರೆ. ಪಲಾಯನವೆಂದರೆ ಅಪಾಯವಿರುವ ಕಡೆಯಿಂದ ಸುಖವಿರುವ ಕಡೆಗೆ ಓಡುವುದು. ಇಲ್ಲಿ ಸುಖವೆಲ್ಲಿತ್ತು? ಮನ್ನಣೆ, ಪ್ರದರ್ಶನ, ಪದವಿ ಎಲ್ಲವೂ ಭಿತ್ತಿಪತ್ರದ ಕಡೆಗಿದ್ದುವು. ಮರಗಿಡಗಳ ಕಡೆಗೆ ಇದ್ದುದು ಉಪೇಕ್ಷೆ ಮತ್ತು ಸಂಶಯ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಬಿರುಗಾಳಿ ಎದ್ದಾಗ ವೂ ಅವರು ತಮ್ಮ ಎಷ್ಟೋ ಚಿತ್ರಗಳನ್ನು ತಮ್ಮ ಕೈಯಿಂದಲೇ ನಾಶಮಾಡಬೇಕಾಯಿತು. 1970ರಲ್ಲಿ ಅವರನ್ನು ಹೆಬೆಯ್ ಪ್ರಾಂತದ ಒಂದು ಹಳ್ಳಿಗೆ ಹೊಲಗೆಲಸಕ್ಕೆ ಕಳುಹಿಸಲಾಯಿತು. ಮೊದಮೊದಲು ಚಿತ್ರ ಬರೆಯುವುದಕ್ಕೇ ನಿಷೇಧ. ಆಮೇಲೆ ಭಾನುವಾರಗಳಲ್ಲಿ ಅನುಮತಿ ದೊರೆಯಿತು. ಹಳ್ಳಿಯ ಅಂಗಡಿಯಲ್ಲಿ ಸಿಕ್ಕುತ್ತಿದ್ದ ಅಗ್ಗದ ಸಣ್ಣ ಕಪ್ಪುಹಲಗೆಗೆ ಅಂಟು ಬಳಿದು ಅದನ್ನೇ ಚಿತ್ರಫಲಕ ಮಾಡಿಕೊಂಡರು. ಗೊಬ್ಬರ ಹೊರುವ, ಎತ್ತರವಾದ ಹಿಡಿಯುಳ್ಳ ಬುಟ್ಟಿಯನ್ನು ಚಿತ್ರಪೀಠವಾಗಿ ನಿಲ್ಲಿಸಿಕೊಂಡರು. ಜೊತೆಗಾರರು ಇದಕ್ಕೆ ‘ಗೊಬ್ಬರದ ಬುಟ್ಟಿಯ ಪಂಥ’ವೆಂದು ಹಾಸ್ಯವಾಗಿ ಹೆಸರಿಟ್ಟರು. ವಾರದ ಆರು ದಿನ ಮಣ್ಣಿನಲ್ಲಿ ದುಡಿದು ಏಳನೆಯ ದಿನ ಗೊಬ್ಬರದ ಬುಟ್ಟಿಯ ಮುಂದೆ ಕುಳಿತು ಹೂ ಬರೆದವರನ್ನು ಬೆನ್ನು ತಿರುಗಿಸಿದವರೆನ್ನುವುದು ನ್ಯಾಯವೆ?

ಅವರು ಬರೆದ ಹೂವುಗಳಾದರೂ ಯಾವುವು? ಶ್ರೀಮಂತರ ನಡುಮನೆಯ ಹೂದಾನಿಯಲ್ಲಿ ಬಾಡುವ ಹೂಗಳಲ್ಲ. ಹೊಲದ ಬದುವಿನ ಕಾಡುಸೇವಂತಿಗೆ, ಗೋಡೆಯ ಬುಡದಲ್ಲಿ ಹಬ್ಬಿದ ಕುಂಬಳದ ಬಳ್ಳಿ, ಜೋಳದ ತೆನೆ, ಒಡೆದ ಹತ್ತಿಯ ಕಾಯಿ. ಇವೆಲ್ಲ ಆ ರೈತರ ದುಡಿಮೆಯ ಮತ್ತು ದಿನದ ನೋಟದ ವಸ್ತುಗಳು. ಕೆಂಪು ಕೆನ್ನೆಯ ರೈತನನ್ನು ಬರೆದ ಭಿತ್ತಿಪತ್ರದಲ್ಲಿ ರೈತನಿರುವುದು ವೇಷವಾಗಿ. ವೂ ಅವರ ಜೋಳದ ತೆನೆಯಲ್ಲಿ ಅವನಿರುವುದು ದುಡಿಮೆಯಾಗಿ. ಜನತೆಯ ಹೆಸರನ್ನು ಹೇಳಿ ಹೂವನ್ನು ಅಲ್ಲಗಳೆದವರು ಜನತೆಯನ್ನು ಒಮ್ಮೆಯಾದರೂ ಕೇಳಿದರೆ? ವೂ ಅವರು ಕೇಳಿದರು. ತಮ್ಮ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸುತ್ತಿದ್ದರು. ಕೇವಲ ನಕಲಾಗಿ ಉಳಿದ ಚಿತ್ರವನ್ನು ಕಂಡು ಆ ರೈತರು ‘ಹಾಗೆಯೇ ಇದೆ’ ಎನ್ನುತ್ತಿದ್ದರಂತೆ. ನಿಜವಾಗಿ ಗೆದ್ದ ಚಿತ್ರವನ್ನು ಕಂಡಾಗ ‘ಚೆನ್ನಾಗಿದೆ’ ಎನ್ನುತ್ತಿದ್ದರಂತೆ. ಸಾದೃಶ್ಯವೇ ಬೇರೆ, ಸೌಂದರ್ಯವೇ ಬೇರೆ ಎಂಬ ಈ ವಿವೇಕ ಅಕ್ಷರವರಿಯದವರಲ್ಲಿಯೂ ಇತ್ತು. ರಾಜಧಾನಿಯ ವಿಮರ್ಶಕರಲ್ಲಿ ಇರಲಿಲ್ಲ.

ಇನ್ನು ಎರಡನೆಯ ಆಕ್ಷೇಪ: ರೂಪವನ್ನು ಮುಖ್ಯವೆನ್ನುವ ಕಲೆ ಟೊಳ್ಳು ಎಂಬುದು. 1979ರಲ್ಲಿ ವೂ ಅವರು ಚಿತ್ರಕಲೆಯ ರೂಪಸೌಂದರ್ಯವನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿ ಈ ಮಾತಿಗೆ ನೇರವಾಗಿ ಎದುರು ನಿಂತರು. ಮೂವತ್ತು ವರ್ಷ ಬೈಗುಳವಾಗಿದ್ದ ಪದವನ್ನು ಸಭೆಯ ನಡುವೆ ತಂದು ನಿಲ್ಲಿಸಿದ ಈ ಲೇಖನವು ದೊಡ್ಡ ವಿವಾದವನ್ನೆಬ್ಬಿಸಿತು. ಅವರ ಪಕ್ಷವನ್ನು ಸಮರ್ಥಿಸಲು ಅವರು ಚಿತ್ರ ಬರೆಯುತ್ತಿದ್ದ ಕ್ರಮವೇ ಸಾಕು. ಒಂದು ದೃಶ್ಯವನ್ನು ಬರೆಯುವಾಗ ಅವರು ಒಂದೆಡೆ ಕುಳಿತಿರುತ್ತಿರಲಿಲ್ಲ; ಚಿತ್ರಪೀಠವನ್ನು ಹೊತ್ತು ಸ್ಥಳದಿಂದ ಸ್ಥಳಕ್ಕೆ ಹೋಗಿ, ಇಲ್ಲಿಯ ಬಂಡೆಯನ್ನು, ಅಲ್ಲಿಯ ಮರವನ್ನು, ಆಚೆಯ ಊರನ್ನು ಒಂದೇ ಫಲಕದಲ್ಲಿ ಕೂಡಿಸುತ್ತಿದ್ದರು. ಚೀನಾದ ಪ್ರಾಚೀನ ಸುರುಳಿಚಿತ್ರದಲ್ಲಿ ನೋಡುವವನ ಕಣ್ಣು ನಡೆಯುತ್ತ ಹೋಗುತ್ತದೆಯಷ್ಟೆ. ಆ ನಡಿಗೆಯನ್ನು ಅವರು ತೈಲವರ್ಣಕ್ಕೆ ಕಲಿಸಿದರು. ಯಾಂಗ್ಟ್ಸಿ ನದಿಯ ದಕ್ಷಿಣದ ಊರುಗಳ ಬಿಳಿಗೋಡೆ, ಕರಿಹೆಂಚು, ಬೂದಿಬಣ್ಣದ ಆಕಾಶ, ನೀರಿನಲ್ಲಿ ಅವುಗಳ ನೆರಳು, ಇಷ್ಟೇ ಸಾಮಗ್ರಿ. ಆದರೂ ಆ ಚಿತ್ರದ ಮುಂದೆ ನಿಂತವರಿಗೆ ಊರು ಬಿಟ್ಟವನ ಹಂಬಲವು ಅರ್ಥವಾಗುತ್ತದೆ. ಯಾವ ಕಥೆಯನ್ನೂ ಹೇಳದೆ ಬಿಳಿಯೂ ಕಪ್ಪೂ ಈ ಭಾವವನ್ನು ಮುಟ್ಟಿಸುವುದಾದರೆ ರೂಪವು ಟೊಳ್ಳೆಂದು ಹೇಳುವುದು ಹೇಗೆ?

ಮೂರನೆಯ ಆಕ್ಷೇಪವು ಇನ್ನೊಂದು ದಿಕ್ಕಿನಿಂದ ಬರುತ್ತದೆ. ತೈಲವರ್ಣವು ಪರಕೀಯ, ಅದರಲ್ಲಿ ಚೀನೀ ಹೃದಯವು ಮಾತಾಡಲಾರದು ಎಂಬುದು. ಈ ಮಾತು ನಮಗೇನೂ ಹೊಸದಲ್ಲ. ರವಿವರ್ಮರ ತೈಲಚಿತ್ರಗಳನ್ನು ಕುರಿತು ಬಂಗಾಳದ ಪಂಥದವರು ಇದನ್ನೇ ಹೇಳಿದ್ದರು. ವೂ ಅವರು ಪ್ಯಾರಿಸ್ಸಿನಲ್ಲಿದ್ದ ಕಾಲದಲ್ಲಿಯೇ, 1949–50ರಲ್ಲಿ, ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಅದೇ ನಗರದಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದರು. ಅಲ್ಲಿ ಕಲಿತುದರಿಂದ ಹೆಬ್ಬಾರರ ರೇಖೆ ತುಳುನಾಡಿನದಾಗದೆ ಹೋಯಿತೆ? ಎರಡು ಭಾಷೆಗಳ ನಡುವೆ ಬಾಳುತ್ತಿರುವ ಗಡಿಯ ಕನ್ನಡಿಗರಾದ ನಮಗೆ, ನೆರೆಯವರಿಂದ ಪಡೆದುದನ್ನು ನಮ್ಮದಾಗಿ ಮಾಡಿಕೊಳ್ಳುವುದೂ ನಮ್ಮತನವನ್ನು ಕಳೆದುಕೊಳ್ಳುವುದೂ ಒಂದೇ ಅಲ್ಲವೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗಾಳಿಪಟವು ಎಷ್ಟು ಎತ್ತರಕ್ಕೆ ಹಾರಿದರೂ ಅದರ ದಾರವು ನೆಲದವನ ಕೈಯಲ್ಲಿರಬೇಕೆಂಬುದು ವೂ ಅವರ ನಿಲುವು. ತೈಲವರ್ಣದ ಮಿತಿಯನ್ನೂ ಅವರು ಬಲ್ಲವರಾಗಿದ್ದರು. ಜೋಲುವ ಕೊಂಬೆಯ ಸಣ್ಣ ಉದ್ದನೆಯ ಗೆರೆಯನ್ನು ಅಂಟಾದ ಬಣ್ಣದಲ್ಲಿ ಎಳೆಯುವುದು ಕಷ್ಟವೆಂದು ಕಂಡು, 1970ರ ದಶಕದ ನಡುವಿನಿಂದ ಮಸಿಯನ್ನೂ ಕಾಗದವನ್ನೂ ಕೈಗೆತ್ತಿಕೊಂಡರು. ಸಾಧನವು ಅವರಿಗೆ ಮತವಾಗಿರಲಿಲ್ಲ.

1992ರಲ್ಲಿ ಕುಂಚ-ಮಸಿಗಳ ಬೆಲೆ ಸೊನ್ನೆಯೆಂಬ ಅರ್ಥದ ತಲೆಬರಹದಲ್ಲಿ ಅವರು ಬರೆದ ಲೇಖನದಿಂದ ಸಂಪ್ರದಾಯಸ್ಥರು ಕೆರಳಿದರು. ಹಿರಿಯ ಚಿತ್ರಕಾರ ಜಾಂಗ್ ಡಿಂಗ್ ಅವರು ಉಗ್ರವಾಗಿ ಪ್ರತಿವಾದಿಸಿದರು. ತಲೆಬರಹ ಕಟುವಾಗಿದೆ, ನಿಜ. ಆದರೆ ಲೇಖನದ ಅಭಿಪ್ರಾಯವಿಷ್ಟೆ: ನಿರ್ದಿಷ್ಟವಾದ ಒಂದು ಚಿತ್ರವನ್ನು ಬಿಟ್ಟು, ಬರಿಯ ಕೈಚಳಕವಾಗಿ ಕುಂಚ-ಮಸಿಗಳಿಗೆ ಬೆಲೆಯಿಲ್ಲ. ಇದರಲ್ಲಿ ಪರಂಪರೆಗೆ ಅವಮಾನವೆಲ್ಲಿದೆ? ಛಂದಸ್ಸನ್ನು ಬಲ್ಲವರೆಲ್ಲ ಕವಿಗಳಲ್ಲವೆಂದರೆ ಛಂದಸ್ಸಿಗೆ ಅವಮಾನವಾಗುವುದಿಲ್ಲ.

ಈಗ ಹೊಸದೊಂದು ಬಗೆಯ ಮೆಚ್ಚುಗೆ ಹುಟ್ಟಿದೆ. ಹರಾಜಿನಲ್ಲಿ ಅವರ ಚಿತ್ರಗಳಿಗೆ ಕೋಟಿಗಟ್ಟಲೆ ಬೆಲೆ ಬಂದುದರಿಂದ ಅವರು ದೊಡ್ಡವರೆಂಬುದು. ಇದು ಹಿಂದಿನ ನಿಂದೆಗಿಂತಲೂ ಅಗ್ಗದ್ದು. ತಮಗೆ ಒಪ್ಪಿಗೆಯಾಗದ ನೂರಾರು ಚಿತ್ರಗಳನ್ನು 1991ರಲ್ಲಿ ತಾವೇ ಸುಟ್ಟವರು ಅವರು. 2008ರಲ್ಲಿ ಸಿಂಗಪುರದ ಕಲಾ ಸಂಗ್ರಹಾಲಯಕ್ಕೆ 113 ಕೃತಿಗಳನ್ನು ದಾನವಾಗಿ ಕೊಟ್ಟವರು. ಚಿತ್ರದ ಬೆಲೆಯನ್ನು ವಸ್ತುವಿನಿಂದ ಅಳೆದವರೂ ಹಣದಿಂದ ಅಳೆಯುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಚಿತ್ರವನ್ನು ನೋಡುವುದಿಲ್ಲ.

ಸಹೃದಯರಲ್ಲಿ ನಮ್ಮ ವಿನಂತಿಯಿಷ್ಟೆ. ಹೂವನ್ನೋ ಬೆಟ್ಟವನ್ನೋ ಬರೆದವರು ಕಣ್ಣಿಗೆ ಬಿದ್ದಾಗ, ಏನನ್ನು ಬರೆದರೆಂದು ಕೇಳಿ ತೀರ್ಪು ಕೊಡುವುದಕ್ಕೆ ಮೊದಲು ಹೇಗೆ ನೋಡಿದರೆಂದು ಕೇಳೋಣ. ಬಲವಂತದ ವಸ್ತುಗಳಿಂದ ತುಂಬಿದ್ದ ಆ ವರ್ಷಗಳ ಭಿತ್ತಿಪತ್ರಗಳು ಎಷ್ಟೋ ಮರೆತುಹೋದುವು. ಗೊಬ್ಬರದ ಬುಟ್ಟಿಗೆ ಒರಗಿಸಿ ಬರೆದ ಜೋಳವನ್ನೂ ಹತ್ತಿಯನ್ನೂ ಜನರು ಇಂದಿಗೂ ಮೆಚ್ಚಿ ನೋಡುತ್ತಿದ್ದಾರೆ.