ಮಿಷನ್ ಆಸ್ಪತ್ರೆಯ ಹಳೆಯ ಪುಸ್ತಕ ಮತ್ತು ನಿಮ್ಮ ಹೃದಯ

ಮೈಸೂರಿಗೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಬಂದು ಬಹಳ ಕಾಲವಾಯಿತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು, ಮನೆಗೆ ಬಂದು ಫಿಲ್ಟರ್ ಕಾಫಿ, ಆಮೇಲೆ ಈ ಪತ್ರಿಕೆ. ಇಂಥ ಊರಿನಲ್ಲಿ ನೆಮ್ಮದಿಯಾಗಿರುವವರಿಗೆ ಹೃದ್ರೋಗ ಏಕೆ ಬರಬೇಕು? ‘ಡಾಕ್ಟ್ರೇ, ನಾನು ಸಿಗರೇಟು ಮುಟ್ಟಿದವನಲ್ಲ, ದಪ್ಪವೂ ಇಲ್ಲ, ನನಗೇಕೆ ಹೀಗಾಯಿತು?’ ಎಂದು ಕೇಳುವವರು ಇದ್ದೇ ಇರುತ್ತಾರೆ.

ಈ ಪ್ರಶ್ನೆಗೆ ಒಂದು ಭಾಗದ ಉತ್ತರ ನಮ್ಮ ಊರಿನಲ್ಲೇ ಸಿಕ್ಕಿತೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಅಳೆದು ಬರೆದಿಡುತ್ತಿದ್ದರು. ಸಾಮಾನ್ಯವಾಗಿ ಇಂಥ ದಾಖಲೆಗಳು ಗೆದ್ದಲಿಗೆ ಆಹಾರವಾಗುತ್ತವೆ. ಇವು ಉಳಿದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಲಾಯಿತು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅವರೂ ಇದ್ದ ವೈದ್ಯರ ತಂಡ ಅದರ ಫಲಿತಾಂಶವನ್ನು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿತು.

ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋಗಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಮಗುವೂ ಸಣ್ಣದು, ಬಸುರಿನಲ್ಲಿ ತಾಯಿಯೂ 45 ಕಿಲೋಗಿಂತ ಕಡಿಮೆ ಎಂದಿದ್ದ ಕಡೆ ಈ ಪ್ರಮಾಣ ನೂರಕ್ಕೆ 20. ಗರ್ಭದಲ್ಲಿ ಪೋಷಣೆ ಸಾಲದಾದಾಗ ಮಗುವಿನ ದೇಹ ಮೊದಲು ಮಿದುಳನ್ನು ಕಾಪಾಡಿಕೊಂಡು ಉಳಿದ ಅಂಗಗಳ ಪಾಲಿನಲ್ಲಿ ಕಡಿತ ಮಾಡುತ್ತದೆ, ಆ ಕೊರತೆಯ ಫಲ ನಡುವಯಸ್ಸು ದಾಟಿದ ಮೇಲೆ ಕಾಣಿಸುತ್ತದೆ ಎಂಬುದು ಬಾರ್ಕರ್ ಅವರ ವಾದ.

ಆ ಮಕ್ಕಳು ಈಗ ಎಪ್ಪತ್ತು ದಾಟಿದ್ದಾರೆ. ಇದನ್ನು ಓದುತ್ತಿರುವ ನೀವೇ ಅವರಲ್ಲಿ ಒಬ್ಬರಾಗಿರಬಹುದು! ಹಾಗೆಂದು ಗಾಬರಿ ಬೇಡ. ಸಣ್ಣಗೆ ಹುಟ್ಟಿದವರಲ್ಲೂ ನೂರಕ್ಕೆ 89 ಮಂದಿಗೆ ಕಾಯಿಲೆ ಇರಲಿಲ್ಲವಷ್ಟೆ. ‘ನಾನು ತೆಳ್ಳಗಿದ್ದೇನೆ, ನನಗೇನೂ ಆಗದು’ ಎಂಬ ಧೈರ್ಯ ಮಾತ್ರ ಸಲ್ಲದು.

ಆ ವರದಿಯಲ್ಲಿ ಇನ್ನೊಂದು ಅಂಶವಿತ್ತು. ಅದಕ್ಕೆ ಸಿಗಬೇಕಾದ ಗಮನ ಇಂದಿಗೂ ಸಿಕ್ಕಿಲ್ಲವೆಂದು ನನ್ನ ಭಾವನೆ. ಕಾಯಿಲೆ ಇದ್ದ ಗಂಡಸರು 25, ಹೆಂಗಸರು 27. ಹೃದಯಾಘಾತ ಗಂಡಸರ ಕಾಯಿಲೆ ಎಂದು ನಂಬಿರುವ ಮನೆಗಳಲ್ಲಿ ಯಜಮಾನರಿಗೆ ವರ್ಷಕ್ಕೊಮ್ಮೆ ಇಸಿಜಿ ಆಗುತ್ತದೆ. ಅಮ್ಮನ ಎದೆಯುರಿಗೆ ಓಮದ ಕಷಾಯವೇ ಗತಿ. ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವಿನ ಜೊತೆಗೆ, ಕೆಲವೊಮ್ಮೆ ಎದೆನೋವೇ ಇಲ್ಲದೆ, ಏದುಸಿರು, ವಿಪರೀತ ಸುಸ್ತು, ಬೆವರು, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವಾಗಿ ಕಾಣಿಸಬಹುದು. ‘ಗ್ಯಾಸ್ ಇರಬೇಕು, ಅಡುಗೆ ಮುಗಿಸಿ ಮಲಗುತ್ತೇನೆ’ ಎಂದು ಆಕೆ ಹೇಳಿದರೆ ಒಪ್ಪಬೇಡಿ. 108ಕ್ಕೆ ಫೋನ್ ಮಾಡಿ.

ಹುಟ್ಟುತೂಕವನ್ನು ಈಗ ಯಾರೂ ಬದಲಾಯಿಸಲಾರರು. ಬದಲಾಯಿಸಬಹುದಾದದ್ದು ಉಳಿದ ಬದುಕನ್ನು. ಗ್ರೀಸ್ ದೇಶಕ್ಕೆ ಸೇರಿದ ಇಕಾರಿಯಾ ಎಂಬ ದ್ವೀಪವಿದೆ. ಅಲ್ಲಿ ಎಂಬತ್ತು, ತೊಂಬತ್ತು ದಾಟಿದವರು ಬಹಳ. 2009ರಲ್ಲಿ ಅಥೆನ್ಸಿನ ವೈದ್ಯರು ಹೋಗಿ ಅವರ ದಿನಚರಿಯನ್ನು ಪರೀಕ್ಷಿಸಿದರು. ಸೊಪ್ಪು, ಕಾಳು, ಆಲಿವ್ ಎಣ್ಣೆಯ ಊಟ, ಮಧ್ಯಾಹ್ನ ಒಂದು ಸಣ್ಣ ನಿದ್ದೆ, ಕಾಫಿ, ನೆರೆಹೊರೆಯವರೊಡನೆ ಮಾತು. ಕೇಳಿದರೆ ನಮ್ಮ ಅಗ್ರಹಾರದ ಹಿರಿಯರ ದಿನಚರಿಯಂತೆಯೇ ಇದೆ, ಅಲ್ಲವೆ? ವ್ಯತ್ಯಾಸವೊಂದಿದೆ. ಅದು ಗುಡ್ಡಗಾಡಿನ ದ್ವೀಪ. ತೋಟಕ್ಕೆ ಹೋಗಬೇಕಾದರೂ ಪಕ್ಕದ ಮನೆಗೆ ಹೋಗಬೇಕಾದರೂ ಏರಿ ಇಳಿಯಬೇಕು. ಅವರಿಗೆ ‘ವಾಕಿಂಗ್’ ಎಂಬ ಪ್ರತ್ಯೇಕ ಕೆಲಸವಿಲ್ಲ. ನಮ್ಮಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ ಕೆರೆ ಸುತ್ತಿದವರು ಆ ಪುಣ್ಯದ ಮೇಲೆ ಉಳಿದ ದಿನವೆಲ್ಲ ಕುರ್ಚಿ ಬಿಟ್ಟು ಏಳುವುದಿಲ್ಲ. ವಾಕಿಂಗ್ ಮುಗಿಸಿ ದಾರಿಯಲ್ಲೇ ಬೆಣ್ಣೆ ಹಾಕಿದ ಮಸಾಲೆ ದೋಸೆ ಮುಗಿಸಿ ಬರುವವರ ವಿಷಯ ಬಿಡಿ.

ದೇವರಾಜ ಮಾರುಕಟ್ಟೆಗೆ ಚೀಲ ಹಿಡಿದು ನಡೆದು ಹೋಗಿ. ತರಕಾರಿಯನ್ನು ಮನೆಯ ಬಾಗಿಲಿಗೆ ತರಿಸಿಕೊಳ್ಳುವ ಸೌಕರ್ಯ ನಿಮಗಿಂತ ಹೆಚ್ಚಾಗಿ ನಿಮ್ಮ ಹೊಟ್ಟೆಯ ಬೊಜ್ಜಿಗೆ ಅನುಕೂಲ. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪನ್ನು ನಂಬಿ: ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಊಟದಲ್ಲಿ ನಾವು ಇಕಾರಿಯಾದವರನ್ನು ನೋಡಿ ಕಲಿಯಬೇಕಾದದ್ದೇನೂ ಇಲ್ಲ. ಹುರುಳಿ, ಅವರೆ, ದಂಟಿನ ಸೊಪ್ಪು, ಬಸ್ಸಾರು ನಮ್ಮವೇ. ಅನ್ನದ ಗುಡ್ಡ ತಗ್ಗಿಸಿ ಪಲ್ಯ ಹೆಚ್ಚಿಸಿದರೆ ಸಾಕು. ಉಪ್ಪು ಮಾತ್ರ ನಮ್ಮ ದೊಡ್ಡ ಶತ್ರು. ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು; ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯಲ್ಲಿರುವುದೂ ಇದೇ ಲೆಕ್ಕಕ್ಕೆ ಸೇರಿತು.

ಕೊನೆಯದಾಗಿ ಮನೆಯ ಹಿರಿಯ ಹೆಂಗಸರಿಗೆ ಒಂದು ಮಾತು. ‘ಮಗು ದೊಡ್ಡದಾದರೆ ಹೆರಿಗೆ ಕಷ್ಟ, ಸ್ವಲ್ಪ ಕಡಿಮೆ ತಿನ್ನು’ ಎಂದು ಬಸುರಿ ಸೊಸೆಗೆ ಹೇಳುವ ರೂಢಿ ಇನ್ನೂ ಕೆಲವೆಡೆ ಇದೆ. ಮಿಷನ್ ಆಸ್ಪತ್ರೆಯ ಆ ಪುಸ್ತಕ ಹೇಳುವುದು ಇದಕ್ಕೆ ತದ್ವಿರುದ್ಧ. ಹಾಗೆಂದು ಮೂರು ಹೊತ್ತೂ ತುಪ್ಪ, ಸಿಹಿ ತುಂಬಿಸಬೇಡಿ. ಅದರಿಂದ ಸಕ್ಕರೆ ಕಾಯಿಲೆಯ ದಾರಿ ತೆರೆಯುತ್ತದೆ. ಬೇಳೆ, ಕಾಳು, ಸೊಪ್ಪು, ಹಾಲು, ಹಣ್ಣು, ರೂಢಿಯಿದ್ದವರಿಗೆ ಮೊಟ್ಟೆ, ಹೊಟ್ಟೆ ತುಂಬ ಕೊಡಿ. ಆಸ್ಪತ್ರೆ ಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗಿದಳೇ ಎಂದು ಕೇಳಿ. ಆಕೆಯನ್ನು ತಪಾಸಣೆಗೆ ಕರೆದೊಯ್ದ ದಿನವೇ ನಿಮ್ಮ ರಕ್ತದೊತ್ತಡವನ್ನೂ ಅಳೆಸಿಕೊಂಡು ಬನ್ನಿ.