ಪರಿಮಳವೆಂಬ ಒಂದೇ ಮಾತು

ಕನ್ನಡದಲ್ಲಿ ಮೂಗಿಗೆ ಸಂಬಂಧಿಸಿದ ಮಾತುಗಳಿಗೆ ಬರವಿಲ್ಲ. ಕಂಪು, ಘಮ, ಗಂಧ, ಸೌರಭ, ಪರಿಮಳ ಎಂದು ಒಂದು ಸಾಲು. ನಾತ, ಕಮಟು, ಗಬ್ಬು, ಮುಗ್ಗು ಎಂದು ಅದರೆದುರಿಗೆ ಇನ್ನೊಂದು ಸಾಲು. ಇವುಗಳ ನಡುವೆ ಸ್ಥಾನಪಲ್ಲಟವೂ ನಡೆದಿದೆ. ಹಳಗನ್ನಡದಲ್ಲಿ 'ನಾರು' ಎಂಬ ಧಾತುವಿಗೆ ವಾಸನೆ ಬೀರು ಎಂಬ ಅರ್ಥವೂ ಉಂಟು; ಅಂದು ಮಲ್ಲಿಗೆಯೂ ನಿಸ್ಸಂಕೋಚವಾಗಿ ನಾರಬಹುದಾಗಿತ್ತು. ಇಂದು ನೆರೆಮನೆಯಾಕೆಯ ಮುಡಿಯ ಮಲ್ಲಿಗೆ ನಾರುತ್ತಿದೆಯೆಂದು ಹೇಳಿ ನೋಡಿರಿ! 'ವಾಸನೆ' ಎಂಬ ನಿರಪರಾಧಿ ಪದಕ್ಕೂ ಈಚೆಗೆ ಅದೇ ಗತಿ ಒದಗುತ್ತಿದೆ.

ವಾಸನೆಗಳನ್ನು ಇಷ್ಟು ನವುರಾಗಿ ವಿಂಗಡಿಸಿಕೊಂಡ ಜನ ನಾವು, ಅಂಗಡಿಯಿಂದ ತಂದ ಸಾಬೂನಿನ ಹೊದಿಕೆಯಲ್ಲಿ ಮಾತ್ರ ಒಂದೇ ಒಂದು ಮಾತಿಗೆ ತೃಪ್ತರಾಗಿಬಿಟ್ಟಿದ್ದೇವೆ. ಸಾಬೂನು, ಶಾಂಪೂ, ಮುಖಕ್ಕೆ ಬಳಿಯುವ ಕ್ರೀಮು, ಮಗುವಿಗೆ ಹಚ್ಚುವ ಪೌಡರು, ಯಾವುದನ್ನೇ ತಿರುಗಿಸಿ ನೋಡಿರಿ. ಭೂತಗನ್ನಡಿ ಹಿಡಿದು ಓದಬೇಕಾದ ಆ ಪುಟ್ಟ ಅಕ್ಷರಗಳಲ್ಲಿ ಎಣ್ಣೆಯ ಹೆಸರಿದೆ, ಲವಣದ ಹೆಸರಿದೆ, ಬಣ್ಣದ ಸಂಖ್ಯೆಯಿದೆ. ಕೊನೆಯ ಹತ್ತಿರ 'ಪರ್ಫ್ಯೂಮ್' ಎಂದೋ 'ಫ್ರಾಗ್ರೆನ್ಸ್' ಎಂದೋ ಒಂದು ಪದ. ನೋಡುವವರಿಗೆ ಅದೂ ಉಳಿದವುಗಳಂತೆ ಒಂದು ದ್ರವ್ಯವೆಂದೇ ತೋರುತ್ತದೆ. ವಾಸ್ತವವಾಗಿ ಆ ಒಂದು ಪದದ ಬಾಗಿಲ ಹಿಂದೆ ಹತ್ತಾರು, ಕೆಲವು ವೇಳೆ ನೂರಕ್ಕೂ ಮಿಕ್ಕ ದ್ರವ್ಯಗಳು ಕೂಡಿಕೊಂಡಿರಬಹುದು. ನೆಲ ಒರೆಸುವ ದ್ರಾವಣ, ಕೋಣೆಗೆ ಸಿಂಪಡಿಸುವ ಸುಗಂಧ, ಊದುಬತ್ತಿ ಇವುಗಳಲ್ಲಿ ಅನೇಕವು ಆ ಒಂದು ಪದವನ್ನು ಅಚ್ಚು ಹಾಕಿಸುವ ಗೋಜಿಗೂ ಹೋಗುವುದಿಲ್ಲ.

ಇದರಿಂದ ಯಾರಿಗೇನು ನಷ್ಟ, ಗುಲಾಬಿಯ ವಾಸನೆ ಬಂದರೆ ಸಾಲದೆ ಎಂದು ಕೇಳುವವರುಂಟು. ಅವರಿಗೆ ಮೊದಲು ನಮ್ಮ ತಾರ್ಕಿಕರ ಮಾತನ್ನು ನೆನಪಿಸಬೇಕು. ನ್ಯಾಯವೈಶೇಷಿಕರು ಗಂಧವನ್ನು ಪೃಥ್ವಿಯ ವಿಶೇಷ ಗುಣವೆಂದು ಎಣಿಸಿದರು. ಗಾಳಿಯಲ್ಲಿ ಪರಿಮಳ ಬಂದರೆ ಗಾಳಿಗೆ ಗಂಧವಿದೆಯೆಂದು ಅವರು ಒಪ್ಪಲಿಲ್ಲ. ಪೃಥ್ವಿಯ ಕಣಗಳು ಗಾಳಿಯಲ್ಲಿ ಬೆರೆತಿವೆ ಎಂದೇ ನಿರ್ಣಯಿಸಿದರು. ಇಂದಿನ ರಸಾಯನಶಾಸ್ತ್ರ ಪಂಚಭೂತಗಳ ಲೆಕ್ಕವನ್ನು ಬಿಟ್ಟಿದ್ದರೂ ಈ ಒಂದು ವಿಷಯದಲ್ಲಿ ಅವರ ಕಡೆಗೇ ಇದೆ. ವಾಸನೆ ಬಂದಿತೆಂದರೆ ಆ ವಸ್ತುವಿನ ಅಣುಗಳು ಹಾರಿಬಂದು ನಮ್ಮ ಮೂಗನ್ನು ಹೊಕ್ಕವೆಂದೇ ಅರ್ಥ. ಮೂಸುವುದೂ ಒಂದು ಬಗೆಯ ಸೇವನೆಯೇ. ಉಪ್ಪಿನಕಾಯಿಯ ಭರಣಿಯಲ್ಲಿ ಏನೇನು ಹಾಕಿದ್ದಾರೆಂದು ಕೇಳಿ ತಿನ್ನುವ ನಾವು ಈ ಸೇವನೆಯ ವಿಚಾರದಲ್ಲಿ ಕೇಳುವುದೇ ಇಲ್ಲ.

ಒಂದು ಕಾಲಕ್ಕೆ ಕೇಳಬೇಕಾದ ಅಗತ್ಯ ಕಡಿಮೆಯಿತ್ತು. ಪರಿಮಳಕ್ಕೆ ಹೂವು, ಮರ, ಬೇರು, ಅಂಟು, ಕೆಲವು ಪ್ರಾಣಿಗಳು, ಇಷ್ಟೇ ಮೂಲ. 1868ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ವಿಜ್ಞಾನಿ, ಮೊತ್ತಮೊದಲ ಕೃತಕ ನೇರಿಳೆ ಬಣ್ಣವನ್ನು ಮಾಡಿದವನೇ ಅವನು, ಕೂಮರಿನ್ ಎಂಬ ಸುಗಂಧ ದ್ರವ್ಯವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ. ಅಲ್ಲಿಂದ ದಾರಿ ತೆರೆಯಿತು. ಆದರೆ ಎಲ್ಲಕ್ಕಿಂತ ಸ್ವಾರಸ್ಯವಾದುದು ಕಸ್ತೂರಿಯ ಕಥೆ.

ಕಸ್ತೂರಿಯೆಂದರೆ ನಮಗೆ ಅಭಿಮಾನ. ನಮ್ಮ ನುಡಿಯನ್ನೇ ಕಸ್ತೂರಿಗೆ ಹೋಲಿಸಿಕೊಂಡವರು ನಾವು. ನಿಜವಾದ ಕಸ್ತೂರಿ ಹಿಮಾಲಯದ ಮೃಗದ ಹೊಟ್ಟೆಯಡಿಯ ಚೀಲದಲ್ಲಿ ದೊರೆಯುವಂಥದು, ಚಿನ್ನದ ತಕ್ಕಡಿಯಲ್ಲಿ ತೂಗುವಂಥದು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಜ್ಞ ಸಿಡಿಮದ್ದನ್ನು ಉತ್ತಮಪಡಿಸುವ ಪ್ರಯತ್ನದಲ್ಲಿದ್ದಾಗ ಅವನ ಪಾತ್ರೆಯಿಂದ ಕಸ್ತೂರಿಯ ಕಂಪು ಹೊರಟಿತು! ಬಾಂಬಿನ ಮದ್ದಿನ ದಾಯಾದಿಯೊಂದು ಮೃಗನಾಭಿಯ ವೇಷ ತೊಟ್ಟು ಬಂದಿತ್ತು. ಆ ವಂಶದ ಮಸ್ಕ್ ಜೈಲೀನ್, ಮಸ್ಕ್ ಕೀಟೋನ್, ಮಸ್ಕ್ ಆಂಬ್ರೆಟ್ ಎಂಬ ದ್ರವ್ಯಗಳು ಅಗ್ಗವಾಗಿ ತಯಾರಾಗಿ ಇಪ್ಪತ್ತನೆಯ ಶತಮಾನದಲ್ಲಿ ಸಾಬೂನಿಗೆ, ಬಟ್ಟೆ ಒಗೆಯುವ ಪುಡಿಗೆ, ಸ್ನೋ ಪೌಡರುಗಳಿಗೆ ಲೋಕದಾದ್ಯಂತ ಸೇರಿದವು. ಅರಸರ ಓಲಗದ ಸುಗಂಧ ಅಗಸನ ಕಲ್ಲಿಗೆ ಬಂದುದು ಒಳ್ಳೆಯ ಪ್ರಜಾಪ್ರಭುತ್ವವೇ ಸರಿ.

ಬಟ್ಟೆ ಒಗೆಯುವ ಪುಡಿಗೆ ಇವನ್ನು ಆರಿಸಿದ್ದಕ್ಕೆ ಬೆಲೆಯಲ್ಲದೆ ಇನ್ನೊಂದು ಕಾರಣವೂ ಇತ್ತು. ಇವು ನೀರಿನಲ್ಲಿ ಕರಗುವುದಿಲ್ಲ. ಜಿಡ್ಡನ್ನು ಬಿಗಿಯಾಗಿ ಹಿಡಿಯುತ್ತವೆ. ಬೇಗ ಕೊಳೆತು ನಾಶವಾಗುವುದೂ ಇಲ್ಲ. ಎಷ್ಟು ಜಾಲಿಸಿದರೂ ಬಟ್ಟೆಯಲ್ಲಿ ಪರಿಮಳ ಉಳಿಯುವುದು ಆ ಗುಣದಿಂದ. ಅದೇ ಗುಣದಿಂದ ಅವು ಮೋರಿಯ ನೀರಿನೊಡನೆ ಹೊಳೆಯನ್ನು ಸೇರಿದವು, ಮೀನಿನ ಕೊಬ್ಬನ್ನು ಹಿಡಿದು ಕುಳಿತವು. 1981ರಲ್ಲಿ ಟೋಕಿಯೋ ಪಕ್ಕದ ತಾಮಾ ನದಿಯ ಮೀನುಗಳಲ್ಲಿ ಇವು ಕಂಡವು. ಮುಂದೆ 1990ರ ದಶಕದ ಆರಂಭದಲ್ಲಿ ಜರ್ಮನಿಯ ಪರೀಕ್ಷಕರು ಬಾಣಂತಿಯರ ಎದೆಹಾಲಿನಲ್ಲಿಯೇ ಇವನ್ನು ಕಂಡರು. ಆ ಹಾಲು ಕುಡಿದ ಮಕ್ಕಳಿಗೆ ಇದರಿಂದ ಕೇಡಾಯಿತೆಂದು ಸಿದ್ಧವಾಗಿಲ್ಲ. ಆ ಮಾತನ್ನು ಹೇಳಲೇಬೇಕು, ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಸೀರೆಗೆಂದು ಕೊಂಡ ಪರಿಮಳ ಕೂಸಿನ ಬಾಯಿಗೆ ಹೋಗುತ್ತದೆಂದು ಆ ತಾಯಂದಿರಿಗೆ ತಿಳಿಸಿದವರು ಯಾರೂ ಇರಲಿಲ್ಲ. ಯುರೋಪಿನಲ್ಲಿ ಮಸ್ಕ್ ಜೈಲೀನಿನ ಬಳಕೆಗೆ 2014ರಲ್ಲಿ ತೆರೆ ಬಿದ್ದಿತು. ಇಲಿಗಳ ನರಗಳನ್ನು ಕೆಡಿಸುವುದೆಂದೂ, ಬಿಸಿಲು ಬಿದ್ದ ಚರ್ಮದಲ್ಲಿ ಉರಿಗಂದೆ ಎಬ್ಬಿಸುವುದೆಂದೂ ತಿಳಿದುಬಂದ ಮಸ್ಕ್ ಆಂಬ್ರೆಟ್ 1995ರಲ್ಲಿಯೇ ಅಲ್ಲಿ ನಿಷಿದ್ಧವಾಗಿತ್ತು.

ಇದಕ್ಕಿಂತ ವಿಚಿತ್ರವಾದುದು ಏಇಟಿಟಿ ಎಂಬ ಸಂಕ್ಷಿಪ್ತನಾಮದ ಕೃತಕ ಕಸ್ತೂರಿಯೊಂದರ ಚರಿತ್ರೆ. 1955ರಿಂದ ಸುಮಾರು ಇಪ್ಪತ್ತೆರಡು ವರ್ಷಗಳ ಕಾಲ ಅದನ್ನು ಸುಗಂಧ ವಸ್ತುಗಳಲ್ಲಿ ಬಳಸಿದರು. ಪರೀಕ್ಷೆಗೆಂದು ಇಲಿಗಳಿಗೆ ಹಾಕಿದಾಗ ಅವುಗಳ ಒಳಾಂಗಗಳೆಲ್ಲ ನೀಲಿಬಣ್ಣಕ್ಕೆ ತಿರುಗಿ ನರಗಳು ಹಾಳಾದವು. ತಯಾರಕರೇ ಗಾಬರಿಯಾಗಿ 1977ರ ಹೊತ್ತಿಗೆ ಅದನ್ನು ಹಿಂತೆಗೆದುಕೊಂಡರು. ಅವರ ಈ ವಿವೇಕವನ್ನು ಮೆಚ್ಚಬೇಕು. ಆದರೆ ಅಷ್ಟು ವರ್ಷ ಅದನ್ನು ಮೈಗೆ ಪೂಸಿಕೊಂಡವರು ಹೆಸರನ್ನಾದರೂ ಕೇಳಿದ್ದರೆ? ಡಬ್ಬಿಯ ಮೇಲೆ ಅದು ಎಂದೂ ಇರಲಿಲ್ಲ.

ಹೆಸರು ಏಕೆ ಬೇಕೆಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯ ಪಾಡನ್ನು ಕಂಡು. ಅವಳಿಗೆ ಕಿವಿಯ ಹಿಂದೆ, ಕತ್ತಿನ ಸುತ್ತ, ಕೈಬೆರಳ ಸಂದಿಯಲ್ಲಿ ಚರ್ಮ ಕೆಂಪಾಗಿ ಒಡೆದು ನೀರೊಸರುತ್ತಿತ್ತು. ಮದುವೆಯ ಮಾತುಕತೆ ನಡೆಯುತ್ತಿದ್ದ ಮನೆ. ನೆಂಟರಲ್ಲಿ ಗುಸುಗುಸು ಬೇರೆ. ಚರ್ಮವೈದ್ಯರು ಅವಳ ಬೆನ್ನಿಗೆ ಹತ್ತಾರು ದ್ರವ್ಯಗಳ ಪುಟ್ಟ ಪಟ್ಟಿಗಳನ್ನು ಎರಡು ದಿನ ಅಂಟಿಸಿ ಪರೀಕ್ಷಿಸಿದರು. ಎರಡು ಕಡೆ ಕೆಂಪಾಗಿ ಉಬ್ಬಿತು. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಅವಳು ನನ್ನ ಬಳಿ ತಂದಳು. 'ಐಸೊಯೂಜೆನಾಲ್', 'ಹೈಡ್ರಾಕ್ಸಿಸಿಟ್ರೊನೆಲ್ಲಾಲ್'. ತರಗತಿಯಲ್ಲಿ ಉದ್ದದ ಸಮಾಸ ಬಿಡಿಸುವಂತೆ ಇಬ್ಬರೂ ಕೂಡಿ ಬಿಡಿಸಿ ಓದಿದೆವು. ಇವೆರಡೂ ಸುಗಂಧ ದ್ರವ್ಯಗಳು. ಒಂದಕ್ಕೆ ಲವಂಗದ ಛಾಯೆ, ಇನ್ನೊಂದಕ್ಕೆ ನೈದಿಲೆಯಂಥ ಹೂವಿನ ಛಾಯೆ. ಇವಿಲ್ಲದ ಸಾಬೂನನ್ನು ಬಳಸಿದರೆ ವಾಸಿಯಾಗುತ್ತದೆ ಎಂದಿದ್ದರು ವೈದ್ಯರು. ಅವಳು ಅಂಗಡಿಗೆ ಹೋಗಿ ಒಂದೊಂದಾಗಿ ಹದಿನಾಲ್ಕು ಸಾಬೂನುಗಳ ಹೊದಿಕೆ ಓದಿದಳಂತೆ. ಬಹುತೇಕ ಎಲ್ಲದರ ಮೇಲೂ 'ಪರ್ಫ್ಯೂಮ್' ಎಂದಷ್ಟೇ ಇತ್ತು. ರೋಗ ತಿಳಿದಿದೆ, ಶತ್ರುವಿನ ಹೆಸರು ತಿಳಿದಿದೆ. ಶತ್ರು ಮಾತ್ರ ಸಾಮೂಹಿಕ ಮುಸುಕು ಹಾಕಿಕೊಂಡು ನಿಂತಿದ್ದಾನೆ.

ಇಂಥವರು ಅಪರೂಪವೆಂದು ತಿಳಿಯಬಾರದು. ಯುರೋಪಿನಲ್ಲಿ ಸಾಮಾನ್ಯ ಜನರೊಳಗೆ ನೂರಕ್ಕೆ ಒಬ್ಬರಿಂದ ಮೂವರಿಗೆ ಸುಗಂಧ ದ್ರವ್ಯಗಳ ಒಗ್ಗದಿಕೆ ಇದೆಯೆಂದು ಅಲ್ಲಿನ ವಿಜ್ಞಾನಿಗಳ ಸಮಿತಿ 2012ರಲ್ಲಿ ಅಂದಾಜು ಮಾಡಿತು. ಈ ಒಗ್ಗದಿಕೆಯ ಸ್ವಭಾವವೇ ಹಾಗೆ. ವರ್ಷಗಟ್ಟಲೆ ಹಚ್ಚಿಕೊಂಡಾಗ ಏನೂ ಆಗದ ವಸ್ತುವನ್ನು ದೇಹ ಒಂದು ದಿನ ಹಗೆಯೆಂದು ಗುರುತಿಸಿಬಿಡುತ್ತದೆ. ಆಮೇಲೆ ಅದನ್ನು ಸಾಮಾನ್ಯವಾಗಿ ಆಯುಷ್ಯವಿಡೀ ಮರೆಯುವುದಿಲ್ಲ. ಉಬ್ಬಸ, ಅರೆತಲೆನೋವು ಇದ್ದವರಲ್ಲಿ ಅನೇಕರು ಸುಗಂಧದ ಗಾಳಿ ಸೋಕಿದೊಡನೆ ತೊಂದರೆಪಡುವುದನ್ನು ನೀವೂ ಕಂಡಿರಬಹುದು.

ಗುಟ್ಟನ್ನು ಕಾಪಾಡಬೇಕೆನ್ನುವವರ ವಾದವೂ ಸುಳ್ಳಲ್ಲ. ಪರಿಮಳದ ಮಿಶ್ರಣವನ್ನು ಹೊರಗೆಡಹಿದರೆ ನೆರೆಯವನು ಕದಿಯುತ್ತಾನೆ ಎನ್ನುತ್ತಾರೆ. ಅಮೆರಿಕೆಯಲ್ಲಿ 1966ರ ಹೊದಿಕೆಯ ಕಾನೂನು ವ್ಯಾಪಾರದ ಗುಟ್ಟುಗಳಿಗೆ ರಕ್ಷಣೆ ಕೊಟ್ಟಿತು. ಯುರೋಪಿನವರು ನಡುದಾರಿ ಹಿಡಿದರು. ಇಡೀ ಮಿಶ್ರಣವನ್ನು ಹೇಳಬೇಡ, ಚರ್ಮಕ್ಕೆ ಒಗ್ಗದವೆಂದು ಹೆಸರಾದ 26 ದ್ರವ್ಯಗಳಿದ್ದರೆ ಮಾತ್ರ ಹೇಳು ಎಂದು 2005ರಲ್ಲಿ ವಿಧಿಸಿದರು. ಮೈಮೇಲೆ ಉಳಿಯುವ ವಸ್ತುವಿನಲ್ಲಿ ನೂರರಲ್ಲಿ 0.001 ಭಾಗ, ತೊಳೆದುಹೋಗುವುದರಲ್ಲಿ 0.01 ಭಾಗ ಮೀರಿದರೆ ಹೆಸರು ಅಚ್ಚಾಗಲೇಬೇಕು. 2023ರಲ್ಲಿ ಆ ಪಟ್ಟಿಯನ್ನು ಎಂಬತ್ತಕ್ಕೂ ಮೇಲೆ ಬೆಳೆಸಿದ್ದಾರೆ. ಹಳೆಯ ಸರಕಿಗೆ 2028ರ ಜುಲೈವರೆಗೆ ಗಡುವು. ಹೂವಿನ ಕಂಪು ಕೊಡುತ್ತಿದ್ದ ಲಿಲಿಯಾಲ್ ಎಂಬ ದ್ರವ್ಯ ಸಂತಾನಶಕ್ತಿಗೆ ಕೇಡು ತರಬಹುದೆಂದು ನಿರ್ಣಯವಾಗಿ 2022ರ ಮಾರ್ಚ್ 1ರಿಂದ ಅಲ್ಲಿನ ಪ್ರಸಾಧನಗಳಲ್ಲಿ ನಿಷಿದ್ಧವಾಗಿದೆ. ಇಷ್ಟಾದರೂ ಅಲ್ಲಿನ ಸುಗಂಧ ವ್ಯಾಪಾರ ಮುಳುಗಿಲ್ಲ. ಅಮೆರಿಕೆಯೂ ಒಗ್ಗದ ಸುಗಂಧಗಳ ಹೆಸರು ಹೇಳಿಸಬೇಕೆಂದು 2022ರಲ್ಲಿ ಶಾಸನ ಮಾಡಿತು. ನಮ್ಮಲ್ಲಿಯೂ ಇಂಥ ಒಂದು ಪಟ್ಟಿ ಪ್ರತಿಯೊಂದು ಡಬ್ಬಿಯ ಮೇಲೆ ಬರುವುದಕ್ಕೆ ಅಡ್ಡಿಯೇನೆಂದು ನನಗೆ ಅರ್ಥವಾಗುವುದಿಲ್ಲ.

"ಅದೆಲ್ಲ ಕೃತಕ ವಸ್ತುಗಳ ಹಾವಳಿ, ನಾವು ಪ್ರಕೃತಿಸಹಜವಾದುದನ್ನೇ ಬಳಸುತ್ತೇವೆ" ಎಂದು ನೆಮ್ಮದಿಯಾಗಿರುವ ಕುಟುಂಬಗಳು ಸ್ವಲ್ಪ ತಾಳಬೇಕು. 2023ರ ಆ ಪಟ್ಟಿಯಲ್ಲಿ ಗುಲಾಬಿಯೆಣ್ಣೆಯಿದೆ, ಮಲ್ಲಿಗೆಯ ಸಾರವಿದೆ, ಮೈಸೂರಿನಲ್ಲಿ 1916ರಿಂದ ಕಾರ್ಖಾನೆಯಲ್ಲಿ ಬಟ್ಟಿಯಿಳಿಸುತ್ತ ಬಂದ ನಮ್ಮ ಶ್ರೀಗಂಧದೆಣ್ಣೆಯೂ ಇದೆ! ಪಟ್ಟಿಯಲ್ಲಿ ಇದ್ದಮಾತ್ರಕ್ಕೆ ಅವು ವಿಷವಲ್ಲ. ಒಗ್ಗದವರು ಕೆಲವರಿದ್ದಾರೆ, ಅವರಿಗೆ ಹೆಸರು ತಿಳಿಯಲಿ ಎಂದಷ್ಟೇ ತಾತ್ಪರ್ಯ. ಚರ್ಮಕ್ಕೆ ಪ್ರಕೃತಿ, ಕಾರ್ಖಾನೆ ಎಂಬ ಭೇದ ಗೊತ್ತಿಲ್ಲ. ಕಿತ್ತಳೆ ನಿಂಬೆಗಳ ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ದ್ರವ್ಯವನ್ನೇ ನೋಡಿರಿ. ಹೊಸದಾಗಿದ್ದಾಗ ಸಾಧು, ಮುಚ್ಚಳ ತೆಗೆದಿಟ್ಟು ಗಾಳಿ ತಗಲಿ ಹಳತಾದಂತೆ ಚರ್ಮವನ್ನು ಕೆರಳಿಸುವ ಬೇರೆ ಸಂಯುಕ್ತಗಳಾಗಿ ಮಾರ್ಪಡುತ್ತದೆ. ಕೋಣೆಯ ಗಾಳಿಯಲ್ಲಿ ಓಜೋನ್ ಇದ್ದರೆ ಅದರೊಡನೆ ಕೂಡಿ ಫಾರ್ಮಾಲ್ಡಿಹೈಡನ್ನು ಹುಟ್ಟಿಸುತ್ತದೆ. ವಾಹನಗಳ ಹೊಗೆಗೆ ಬಿಸಿಲು ತಾಗಿದಾಗ ಓಜೋನ್ ಉಂಟಾಗುವುದರಿಂದ ನಗರವಾಸಿಗಳ ಮನೆಯಲ್ಲಿ ಇದಕ್ಕೆ ಅಭಾವವಿಲ್ಲ. ನಿಂಬೆಯ ಘಮಲಿನ ದ್ರಾವಣದಿಂದ ನೆಲ ಒರೆಸಿದ ಮೇಲೆ ಸ್ವಲ್ಪ ಹೊತ್ತು ಮಕ್ಕಳನ್ನು ಆ ಕೋಣೆಯಿಂದ ಹೊರಗಿರಿಸುವುದು ಮೇಲು.

ಇನ್ನು ಊದುಬತ್ತಿ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಸಾವಿರಾರು ಹೆಣ್ಣುಮಕ್ಕಳ ಬೆರಳ ತುದಿಯ ಅನ್ನ ಅದು. ಆದುದರಿಂದ ಹಗುರವಾಗಿ ಮಾತನಾಡಲಾರೆ. ಆದರೆ ಬತ್ತಿ ಬರಿಯ ಪರಿಮಳವನ್ನು ಬೀರುವುದಿಲ್ಲ, ಹೊಗೆಯನ್ನೂ ಬೀರುತ್ತದೆ. ಸಿಂಗಪುರದಲ್ಲಿ 61,320 ಮಂದಿ ಚೀನೀಯರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಕಾಲ ಧೂಪ ಉರಿಸಿದವರಿಗೆ ಶ್ವಾಸಮಾರ್ಗದ ಒಂದು ಬಗೆಯ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಮನೆಯೊಳಗೆ ಹಗಲಿರುಳು ಧೂಪ ಉರಿಸುವ ಪದ್ಧತಿಗೂ ದೇವರ ಮುಂದೆ ಎರಡು ಕಡ್ಡಿ ಹಚ್ಚುವುದಕ್ಕೂ ಅಂತರವಿದೆ. ಕಿಟಕಿ ತೆರೆದಿಟ್ಟರೆ ದೇವರೇನೂ ಹೊರಗೆ ಹೋಗುವುದಿಲ್ಲ. ಹಳೆಯ ಮನೆಯ ದೇವರ ಕೋಣೆಗೆ ಬೆಳಕಿಂಡಿ ಇರುತ್ತಿತ್ತು. ಇಂದಿನ ಮಹಡಿಮನೆಗಳಲ್ಲಿ ದೇವರು ಗೋಡೆಯ ಬೀರುವಿನೊಳಗೆ ಸೇರಿರುವುದರಿಂದ ಹೊಗೆಯೆಲ್ಲ ನಮ್ಮ ಪಾಲಿಗೇ ಬರುತ್ತದೆ.

ಕೋಣೆಗೆ ಸಿಂಪಡಿಸುವ ಸುಗಂಧಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ಕಟುವಾದುದು. ಹೆಚ್ಚಿನವು ದುರ್ಗಂಧವನ್ನು ತೆಗೆಯುವುದಿಲ್ಲ; ಅದರ ಮೇಲೆ ಇನ್ನೊಂದನ್ನು ಹೊದಿಸುತ್ತವೆ. ಅದೂ ಅಲ್ಲದೆ ಮೂಗು ಬಲು ಬೇಗ ದಣಿಯುವ ಇಂದ್ರಿಯ. ಹತ್ತು ನಿಮಿಷದಲ್ಲಿ ಮನೆಯವರಿಗೆ ಪರಿಮಳವೇ ತಿಳಿಯದಾಗಿ ಮತ್ತೊಮ್ಮೆ ಸಿಂಪಡಿಸುತ್ತಾರೆ; ಬಾಗಿಲು ತೆರೆದು ಬಂದ ಅತಿಥಿಗೆ ಉಸಿರುಕಟ್ಟುತ್ತದೆ.

ಕೊಳ್ಳುವವರಿಗೆ ಒಂದೆರಡು ಉಪಯುಕ್ತ ಸಂಗತಿಗಳು. 'ಅನ್‌ಸೆಂಟೆಡ್' ಎಂಬುದಕ್ಕೂ 'ಫ್ರಾಗ್ರೆನ್ಸ್ ಫ್ರೀ' ಎಂಬುದಕ್ಕೂ ಒಂದೇ ಅರ್ಥವಲ್ಲ. ಮೊದಲನೆಯದಕ್ಕೆ ವಾಸನೆ ತೋರದು ಎಂದರ್ಥ. ಮೂಲದ್ರವ್ಯದ ಕಮಟನ್ನು ಮರೆಸಲೆಂದೇ ಅದರಲ್ಲಿ ಸುಗಂಧವನ್ನು ಬೆರೆಸಿರಬಹುದು. ಒಗ್ಗದಿಕೆ ಇರುವವರು ಎರಡನೆಯ ಮಾತನ್ನೇ ಹುಡುಕಬೇಕು. ಹಿಂಬದಿಯ ಪಟ್ಟಿಯಲ್ಲಿ 'ಪರ್ಫ್ಯೂಮ್' ಇಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಹೊಸ ಕ್ರೀಮನ್ನು ಮುಖಕ್ಕೆ ಬಳಿಯುವ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡುವುದು ವೈದ್ಯರೂ ಒಪ್ಪುವ ಪರೀಕ್ಷೆ. ಒಂದು ದಿನ ಹಚ್ಚಿ ಏನೂ ಆಗಲಿಲ್ಲವೆಂದು ಬಿಡಬಾರದು. ಈ ಬಗೆಯ ಕೆರಳಿಕೆ ಎರಡು ಮೂರು ದಿನ ತಡೆದು ಕಾಣಿಸಿಕೊಳ್ಳುವುದುಂಟು. ಕೂಸುಗಳ ಮೈಗೆ ಮಾತ್ರ ಈ ಪ್ರಯೋಗವೂ ಬೇಡ. ಎಣ್ಣೆ ನೀರಿನ ಸ್ನಾನವಾದ ಕೂಸಿನ ನೆತ್ತಿಗೆ ತನ್ನದೇ ಆದ ಕಂಪಿದೆ. ಅದನ್ನು ಪೌಡರಿನಿಂದ ಮುಚ್ಚಬೇಕೆಂದು ನಮಗೆ ಹೇಳಿಕೊಟ್ಟವರು ಪೌಡರು ಮಾರುವವರು.